ಐದನೆಯ ಬಳೆ

ಪದ್ಮಕ್ಕ, ಗಡಹಿಂಗ್ಲಜದ ನಿಮ್ಮ ಮನೆಯ ಪಡಸಾಲೆಯಲ್ಲಿ ನೀವು ದಿನಾ ಹೂವಿಟ್ಟು ಕೈಮುಗಿಯುವ ಚಿತ್ರದಲ್ಲಿರುವ ಮುಖ ನಿಮ್ಮ ಅವ್ವನದಲ್ಲ. ಅದು ನನ್ನ ಅವ್ವನ ಮುಖ. ಅದನ್ನು ಬರೆದವರು ನಿಮ್ಮ ತಂದೆಯಲ್ಲ — ನಾನು. ನಿಮ್ಮ ತಂದೆ ಬರೆದ ಚಿತ್ರವನ್ನು ನಾನು ಹಾಳುಮಾಡಿದೆ. ಹಾಳಾದದ್ದನ್ನು ಮುಚ್ಚಿಟ್ಟೆ. ಅದರ ಚೌಕಟ್ಟಿನಲ್ಲಿ ನನ್ನ ನಕಲನ್ನು ಕೂರಿಸಿ ಅದೇ ಮೊಳೆಗೆ ತೂಗುಹಾಕಿದೆ.

ಇಷ್ಟು ಬರೆಯುವುದಕ್ಕೆ ನನಗೆ ನಲವತ್ತು ವರ್ಷ ಹಿಡಿಯಿತು. ಹೋದ ತಿಂಗಳು ನಿಮ್ಮ ಪತ್ರ ಬಾರದಿದ್ದರೆ ಬಹುಶಃ ಇದನ್ನೂ ಬರೆಯುತ್ತಿರಲಿಲ್ಲ. ಆ ಪತ್ರದ ಮಾತು ಕೊನೆಗೆ ಹೇಳುತ್ತೇನೆ. ಮೊದಲು ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡಬೇಕು, ಇಲ್ಲದಿದ್ದರೆ ಮತ್ತೆ ಪುಕ್ಕಲುತನ ಬಂದು ಪೆನ್ನು ಕೆಳಗಿಟ್ಟುಬಿಟ್ಟೇನು. ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ. ನಾನು ಧೈರ್ಯವಂತ, ಮಾತು ಕಡಿಮೆ, ನಂಬಿಗಸ್ತ ಅಂತ ನೀವು ತಿಳಿದಿದ್ದೀರಿ. ಮಾತು ಕಡಿಮೆ ಅನ್ನುವುದೊಂದೇ ಅದರಲ್ಲಿ ನಿಜ — ಅದೂ ಬಾಯಿ ಬಿಟ್ಟರೆ ಎಲ್ಲಿ ಸಿಕ್ಕಿಬೀಳುತ್ತೇನೋ ಅನ್ನುವ ಹೆದರಿಕೆಗೆ.

ಮಹಾರಾಷ್ಟ್ರ ರಾಜ್ಯವಾದ ವರ್ಷ ಅದು. ನನಗೆ ಇಪ್ಪತ್ತೊಂದು. ರಬಕವಿ ಕಡೆಯಿಂದ ಬಂದು ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಹಿಡಿದವರು ನಾವು. ಅಪ್ಪನೂ ನಾನೂ ಒಂದೇ ಶೆಡ್ಡಿನಲ್ಲಿ ಪವರಲೂಮು ನಡೆಸುತ್ತಿದ್ದೆವು, ಅವ್ವ ಮನೆಯಲ್ಲಿ ಚರಕದ ಮೇಲೆ, ಲಾಳಿಯಲ್ಲಿಡುವ ಕಾಂಡಿಗೆ ನೂಲು ಸುತ್ತುತ್ತಿದ್ದಳು. ವಾರದ ರಜೆಗೆ ಉಳಿದವರು ಇಸ್ಪೀಟಿಗೋ ಸಿನಿಮಾಕ್ಕೋ ಹೋದರೆ ನಾನು ಬಸ್ಸು ಹತ್ತಿ ಕೊಲ್ಹಾಪುರಕ್ಕೆ, ನಿಮ್ಮ ತಂದೆಯ ಹತ್ತಿರ ಚಿತ್ರ ಕಲಿಯಲು ಬರುತ್ತಿದ್ದೆ. ನೇಮಣ್ಣ ಮಾಸ್ತರರು ಶಾಲೆಯ ಕೆಲಸ ಬಿಟ್ಟು ಮಂಗಳವಾರ ಪೇಟೆಯ ಆ ಮಾಳಿಗೆ ಮನೆಯಲ್ಲಿ ಮೂರು ನಾಲ್ಕು ಮಂದಿಗೆ ಕಲಿಸುತ್ತಿದ್ದ ಕಾಲ. ಕನ್ನಡದವನು ಅಂತಲೋ, ನೇಕಾರರ ಮಗ ಅಂತಲೋ ನನ್ನಿಂದ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನೀವು ಬಿಸಿ ರೊಟ್ಟಿ ಹಾಕಿ, ಹೊತ್ತು ಮುಳುಗುವ ಮೊದಲೇ ಉಣ್ಣಿಸಿ ಬಸ್ಸಿಗೆ ಕಳಿಸುತ್ತಿದ್ದಿರಿ.

ಅವರ ಕಲಿಸುವ ರೀತಿ ನಿಮಗೆ ಗೊತ್ತೇ ಇದೆ. ಗಿಡ ಬರಿ, ಕೊಡ ಬರಿ ಅನ್ನುವುದೆಲ್ಲ ಆರು ತಿಂಗಳು. ಆಮೇಲೆ ಒಂದೇ ಚಿತ್ರ. ನಿಮ್ಮ ಅವ್ವನ ಚಿತ್ರ. ಹೊಸ್ತಿಲ ಹತ್ತಿರ ಒಳಗೆ ಹೋಗುತ್ತಿದ್ದವರು ಯಾರೋ ಕರೆದರು ಅಂತ ಅರ್ಧ ಹೊರಳಿ ನಿಂತಿದ್ದಾರೆ, ಎಡಗೈ ಬಾಗಿಲ ಚೌಕಟ್ಟಿನ ಮೇಲಿದೆ, ಆ ಕೈಯಲ್ಲಿ ಐದು ಹಸಿರು ಬಳೆ, ತುಟಿ ತುಸು ತೆರೆದಿದೆ. ಅವರು ತೀರಿಕೊಂಡಾಗ ನಿಮಗೆ ಮೂರು ವರ್ಷ. ಅವರ ಹಲಕರ್ಣಿಯ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಫೋಟೋ ಅಂತ ಒಂದೂ ಇರಲಿಲ್ಲ. ಅವ್ವ ಅಂದರೆ ನಿಮಗೆ ಆ ಚಿತ್ರವೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ — ಇದನ್ನು ಮರೆಯಬೇಡಿ.

ಮೊದಲ ದಿನ ಮಾಸ್ತರರು ನನ್ನನ್ನು ಚಿತ್ರದ ಮುಂದೆ ನಿಲ್ಲಿಸಿ ಹೇಳಿದ್ದು ಇಷ್ಟೇ: "ಆಕಿ ಒಳಗ ಹೊಂಟಿದ್ಲು. ನಾ ಕರದ್ನಿ. ಹೊಳ್ಳಿ ನೋಡಿ 'ಬಂದ್ನಿ' ಅಂದ್ಲು. ಆ ಬಾಯಿ ಬರೀಬೇಕು ನೋಡಪಾ. ಸೀರಿ, ಬಾಗ್ಲ, ಬೆಳಕ — ಅದನ್ನ ಯಾವನರ ಬರೀತಾನ."

ಅವರದೊಂದು ಕಟ್ಟಳೆ ಇತ್ತು. ನಕಲು ಅಳತೆಯಲ್ಲಿ, ಬಣ್ಣದಲ್ಲಿ ಎಲ್ಲ ಮೂಲದಂತೆಯೇ ಇರಬೇಕು, ಆದರೆ ಒಂದು ಬಳೆ ಬಿಡಬೇಕು. ಮೂಲಕ್ಕೆ ಐದು, ನಕಲಿಗೆ ನಾಲ್ಕು. "ಕಲಿಯಾಕ ತಗೊಂಡಿದ್ದು ನಮ್ದ ಅಲ್ಲ ಅನ್ನೂದು ಕೈಗೆ ನೆನಪಿರಬೇಕು," ಅನ್ನುತ್ತಿದ್ದರು. ಅವರ ಹತ್ತಿರ ಕಲಿತವರೆಲ್ಲ ನಾಲ್ಕೇ ಬಳೆ ಬರೆದು ಹೋದವರು. ನಾನೂ ಬರೆದದ್ದು ನಾಲ್ಕೇ — ಮೊದಲು.

ಚೌಕಟ್ಟಿಗೆ ಸಣ್ಣ ಮೊಳೆ ಹೊಡೆದು ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟಿ, ಚಿತ್ರವನ್ನು ಚೌಕ ಚೌಕ ಮಾಡಿಕೊಂಡು ನಕಲು ಇಳಿಸುವುದು. ದಾರ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದರು! ಸೀರೆ ಬಂತು, ಬಾಗಿಲು ಬಂತು, ಬೆಳಕೂ ಬಂತು. ಬಾಯಿ ಬರಲಿಲ್ಲ. ಎಷ್ಟು ಸಲ ಬರೆದೆನೋ ಅಷ್ಟು ಸಲ ಕೆರೆದೆ. ನಾನು ಬರೆದ ಹೆಂಗಸು ಒಮ್ಮೆ ಅಳುತ್ತಿದ್ದಳು, ಒಮ್ಮೆ ಆಕಳಿಸುತ್ತಿದ್ದಳು, ಒಮ್ಮೆ ಹಲ್ಲುನೋವಿನವಳ ಹಾಗೆ ಕಾಣುತ್ತಿದ್ದಳು. 'ಬಂದೆ' ಅನ್ನುತ್ತಿರಲಿಲ್ಲ. ಮಾಸ್ತರರಿಗೆ ಅಷ್ಟರಲ್ಲಿ ಎರಡೂ ಕಣ್ಣಿಗೆ ಪೊರೆ ಬಂದು ಮಂಜು ಮಂಜಾಗಿತ್ತು. ಅವರಿಗೆ ನನ್ನ ನಕಲು ಕಾಣಿಸುತ್ತಿರಲಿಲ್ಲ, "ಬಾಯಿ ಬಂತೇನೋ?" ಅಂತ ಮಾತ್ರ ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಇಚಲಕರಂಜಿಯ ನಮ್ಮ ಮನೆಯಲ್ಲಿ ಅವ್ವ ಕಾಂಡಿ ಸುತ್ತಿ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಯಾವುದಕ್ಕೋ "ಯವ್ವಾ" ಅಂದೆ. ಹೊರಳಿ ನೋಡಿ "ಬಂದ್ನೋ" ಅಂದಳು. ಅಲ್ಲೇ ಇತ್ತು — ಇಡೀ ವರ್ಷ ಹುಡುಕಿದ ಬಾಯಿ ಅಲ್ಲೇ, ನನ್ನ ಮನೆಯ ಹೊಸ್ತಿಲಲ್ಲೇ ಇತ್ತು. ಆಮೇಲೆ ಎಂಟು ದಿನ ಬೇಕೆಂದೇ ಕರೆದೆ. "ಏನೂ ಇಲ್ಲ, ಸುಮ್ನ" ಅಂದರೆ ಬೈಯುತ್ತಿದ್ದಳು. ಚೀಟಿಯ ಹಿಂದೆ, ನೂಲಿನ ಪೆಟ್ಟಿಗೆಯ ರಟ್ಟಿನ ಮೇಲೆ ಬರೆದುಕೊಂಡು ಬಂದು ನಿಮ್ಮ ಮನೆಯಲ್ಲಿ ನಕಲಿನ ಮೇಲೆ ಇಳಿಸಿದೆ. ತುಟಿ ಇಳಿಸಿದ ಮೇಲೆ ಕೆನ್ನೆ ಒಪ್ಪಲಿಲ್ಲ, ಕೆನ್ನೆ ತಿದ್ದಿದೆ. ಕಣ್ಣು ಒಪ್ಪಲಿಲ್ಲ, ಅದನ್ನೂ ತುಸು ತಿದ್ದಿದೆ. ನನ್ನ ಎದೆ ಮುಟ್ಟಿಕೊಂಡು ಹೇಳುತ್ತೇನೆ, ಆಗ ನನಗೆ ಅದು ಮೂಲದಂತೆಯೇ ಕಂಡಿತು. ಕಲಿತೆ ಅಂದುಕೊಂಡೆ. "ಬಂತೇನೋ?" ಅಂದಾಗ ಮೊದಲ ಸಲ "ಬಂತ್ರಿ" ಅಂದೆ.

ಆಷಾಢದಲ್ಲಿ ನೀವು ಮಾಸ್ತರರನ್ನು ಕಣ್ಣಿನ ಆಪರೇಶನ್ನಿಗೆ ಮಿರಜಿಗೆ ಕರೆದುಕೊಂಡು ಹೋದಿರಿ. ಹನ್ನೆರಡು ದಿನ ಅಂದಿರಿ. ಮಗ್ಗದಿಂದ ರಜೆ ತೆಗೆದುಕೊಂಡು ಬಂದ ನನ್ನ ಕೈಗೆ ಮನೆಯ ಕೀಲಿ ಕೊಟ್ಟು, "ದೇವರ ಹಂತೇಕ ದೀಪ ಹಚ್ಚು, ಅವ್ವಗ ಒಂದ ಹೂವ ಇಡು" ಅಂದಿರಿ. ನನ್ನ ಮೇಲಿನ ನಿಮ್ಮ ನಂಬಿಕೆಗೆ ಎಲ್ಲೆಯೇ ಇರಲಿಲ್ಲ.

ಕೊಲ್ಹಾಪುರದ ಆ ಮಳೆಗೆ ಗೋಡೆಯೇ ಬೆವರುತ್ತಿತ್ತು. ಚಿತ್ರದ ಬಟ್ಟೆ ಸಡಿಲಾಗಿ ಕೆಳಗೆ ಹೊಟ್ಟೆ ಬಂದಿತ್ತು. ಮಾಸ್ತರರು ಕಣ್ಣು ತೆರೆದು ಬಂದು ಮೊದಲು ನೋಡುವುದೇ ಇದನ್ನು, ಬಿಗಿಮಾಡಿಟ್ಟರೆ ಸಂತೋಷಪಡುತ್ತಾರೆ ಅಂತ — ಹೌದು, ಶುರುವಾದದ್ದು ಒಳ್ಳೆಯ ಮನಸ್ಸಿನಿಂದಲೇ. ಬಟ್ಟೆ ಸಡಿಲಾದರೆ ಏನು ಮಾಡಬೇಕು ಅಂತ ನೇಕಾರರ ಮಗನಿಗೆ ಯಾರು ಕಲಿಸಬೇಕು? ಗಂಜಿ. ನೂಲಿಗೆ ಗಂಜಿ ಕುಡಿಸಿ ಒಣಗಿಸಿದರೆ ತಂತಿಯ ಹಾಗೆ ಬಿಗಿಯುತ್ತದೆ, ಹುಟ್ಟಿದಾಗಿನಿಂದ ನೋಡಿದ್ದೇನೆ. ಮೈದಾಹಿಟ್ಟಿನ ಗಂಜಿ ಕಾಯಿಸಿ, ಚಿತ್ರವನ್ನು ಇಳಿಸಿ ಮಗ್ಗುಲಾಗಿಸಿ, ಬೆನ್ನಿಗೆ ಬಿಸಿಬಿಸಿಯಾಗಿ ಎರಡು ಕೈ ಬಳಿದೆ. ಬಿಸಿಲು ಇರಲಿಲ್ಲವಲ್ಲ, ಶೇಗಡಿ ಒಲೆಯಲ್ಲಿ ಇದ್ದಿಲು ಹಾಕಿ ಹತ್ತಿರ ಇಟ್ಟೆ. ಸಂಜೆಯೊಳಗೆ ಬಟ್ಟೆ ಹಲಗೆಯ ಹಾಗೆ ನಿಂತಿತು. ಬೆರಳಲ್ಲಿ ಬಾರಿಸಿ ನೋಡಿ ಖುಷಿಪಟ್ಟು ಮತ್ತೆ ಮೊಳೆಗೆ ತೂಗುಹಾಕಿದೆ!

ಬಟ್ಟೆ ಕುಗ್ಗುತ್ತದೆ. ಅದರ ಮೇಲಿನ ಹಳೆಯ ಬಣ್ಣ ಕುಗ್ಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹೂವಿಡಲು ಹೋದೆ. ನೆಲದ ಮೇಲೆ ಏನೋ ಉದುರಿತ್ತು, ಈರುಳ್ಳಿಯ ಒಣಸಿಪ್ಪೆಯ ಹಾಗೆ. ತಲೆಯೆತ್ತಿ ನೋಡಿದೆ. ನಿಮ್ಮ ಅವ್ವನ ಮುಖದಲ್ಲಿ ಬಾಯಿ ಇರಲಿಲ್ಲ. ಗದ್ದ, ಒಂದು ಕೆನ್ನೆ, ಮೂಗಿನ ತುದಿ — ಎಲ್ಲ ಎದ್ದು ಸುರುಳಿಯಾಗಿ, ನಾನು ಉಸಿರು ಬಿಟ್ಟರೂ ಉದುರುತ್ತಿತ್ತು. ಬಳೆಯ ಕೈಯೂ ಹೋಗಿತ್ತು.

ಚೀರಲಿಲ್ಲ, ಅಳಲಿಲ್ಲ, ಮೊದಲು ಹೋಗಿ ಬಾಗಿಲಿಗೆ ಅಗಳಿ ಹಾಕಿದೆ. ನೋಡಿ, ಮನುಷ್ಯನ ಬುದ್ಧಿ — ಯಾರೂ ಬರುವವರಿರಲಿಲ್ಲ, ಆದರೂ ಮೊದಲು ನೆನಪಾದದ್ದು ಅಗಳಿ. ಆಮೇಲೆ ಚಹಾದ ಡಬ್ಬಿ ತಂದು, ನೆಲದ ಮೇಲೆ ಬಿದ್ದು, ಒಂದೊಂದೇ ಚೂರು ಬೆರಳ ತುದಿಗೆ ಅಂಟಿಸಿಕೊಂಡು ಡಬ್ಬಿಗೆ ಹಾಕಿದೆ. ಎಳ್ಳಿನಷ್ಟಷ್ಟು ಚೂರು. ಯಾವುದು ತುಟಿ, ಯಾವುದು ಬಾಗಿಲು ಅಂತ ತಿಳಿಯುವಂತಿರಲಿಲ್ಲ.

ಎರಡು ದಿನ ನಾನು ಅನ್ನ ಮುಟ್ಟಲಿಲ್ಲ. ಹೊರಗೆ ಟಾಂಗಾ ನಿಂತರೆ ಕಿಟಕಿಯ ಸಂದಿಯಿಂದ ಇಣುಕುತ್ತಿದ್ದೆ. ಮಿರಜಿಗೆ ಹೋಗಿ ಕಾಲು ಹಿಡಿದುಬಿಡಲೇ ಅಂತ ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವರಿಗೆ ಈ ಸುದ್ದಿ ಹೇಳಿದರೆ ಕಣ್ಣು ಹೋದೀತು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾನು ಹೆದರಿದ್ದು ಅವರ ಕಣ್ಣಿಗಲ್ಲ. ನಿಮ್ಮ ಮುಖಕ್ಕೆ. ನನ್ನನ್ನು ಕಂಡರೆ ಅರಳುತ್ತಿದ್ದ ಆ ಮನೆ ನನ್ನ ಮುಂದೆ ಬಾಗಿಲು ಹಾಕಿಕೊಳ್ಳುತ್ತದಲ್ಲ, ಅದಕ್ಕೆ.

ನಕಲು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು.

ಮೂಲವನ್ನು ಚೌಕಟ್ಟಿನಿಂದ ಬಿಚ್ಚಿ ಸುರುಳಿ ಸುತ್ತಿದೆ. ನಕಲನ್ನು ಆ ಚೌಕಟ್ಟಿಗೆ ಹೊಂದಿಸಿದೆ. ಹೊಸ ಬಣ್ಣದ ಹೊಳಪು ಅಡಗಲಿ ಅಂತ ಚಹಾದ ಡಿಕಾಕ್ಷನ್ನಿನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಇಷ್ಟರವರೆಗೂ — ಇಷ್ಟರವರೆಗೂ ಬರೀ ತಪ್ಪು ಅನ್ನಬಹುದಿತ್ತೇನೋ. ಗೋಡೆ ಬೋಳಾಗಿರಬಾರದು ಅಂತ ನಕಲು ಹಾಕಿದೆ, ಬಂದ ಮೇಲೆ ಹೇಳುತ್ತೇನೆ ಅಂತ. ಆದರೆ ನಕಲಿಗೆ ನಾಲ್ಕೇ ಬಳೆ. ಕಣ್ಣು ಮಂಜಾದ ಮೇಲೆ ಮಾಸ್ತರರಿಗೆ ಒಂದು ರೂಢಿಯಾಗಿತ್ತು: ಹೊರಗಿನಿಂದ ಬಂದವರೇ ಚಿತ್ರದ ಹತ್ತಿರ ಹೋಗಿ, ದಪ್ಪಗೆ ಬಣ್ಣ ಮೆತ್ತಿ ಬರೆದ ಆ ಬಳೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುವುದು. ನೀವೂ ನೋಡಿದ್ದೀರಿ. ಐದು ಮುಟ್ಟಿದ ಮೇಲೇ ಟೊಪ್ಪಿಗೆ ತೆಗೆಯುತ್ತಿದ್ದರು.

ಹಸಿರು ಕಲಸಿದೆ. ಚೂರಿಯ ತುದಿಯಿಂದ ಐದನೆಯ ಬಳೆ ಬರೆದೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲಿ ನನ್ನ ಕೈ ನಡುಗಲಿಲ್ಲ ಅನ್ನುವುದೇ ನನಗೆ ಇವತ್ತಿಗೂ ಭಯ ಹುಟ್ಟಿಸುತ್ತದೆ. ಗಂಜಿ ಬಳಿದದ್ದು ತಿಳಿಗೇಡಿತನ. ಬಳೆ ಬರೆದದ್ದು ಮೋಸ.

ಬಣ್ಣ ಒಣಗಲು ನಾಲ್ಕು ದಿನ ಇದೆ ಅಂದುಕೊಂಡಿದ್ದೆ. ನೀವು ಅಂದೇ ಮಧ್ಯಾಹ್ನ ಬಂದಿರಿ! ಮಿರಜಿನಲ್ಲಿ ಹಾಸಿಗೆ ಸಾಲದೆ ಬೇಗ ಕಳಿಸಿದರಂತೆ. ಮಾಸ್ತರರ ಕಣ್ಣಿಗೆ ಹಸಿರು ಬಟ್ಟೆಯ ಪಟ್ಟಿ. ನಿಮ್ಮ ಹೆಗಲು ಹಿಡಿದು ಒಳಗೆ ಬಂದರು, ಚಪ್ಪಲಿ ಬಿಟ್ಟರು, ಯಾರ ಮಾತಿಗೂ ನಿಲ್ಲದೆ ನೇರ ಗೋಡೆಗೆ ಹೋದರು. ನಾನು ಅಡ್ಡ ಹೋಗಬೇಕಿತ್ತು. ಹೋಗಲಿಲ್ಲ. ಅವರ ಬೆರಳು ಒಂದು, ಎರಡು, ಮೂರು, ನಾಲ್ಕು — ಐದರ ಮೇಲೆ ನಿಂತಿತು.

ನೀವೇ ನೋಡಿದಿರಿ. "ಅಪ್ಪಾರ, ಬೆರಳಿಗೆ ಏನ ಹತ್ತೇತಿ? ಹಸರ ಬಣ್ಣ!"

"ನನ್ನ ನಕಲಿಂದ್ರಿ ಅಕ್ಕಾರ," ಅಂದೆ. "ಬಾಗ್ಲಾಗ ಇಟ್ಟಿದ್ನಿ. ಹಾದು ಬರೂವಾಗ ಮಾಸ್ತರ ಕೈ ತಾಕೇತಿ."

ನೀವು ಸೆರಗಿನ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅವರ ಬೆರಳು ಒರೆಸಿದಿರಿ. ಒರೆಸುವ ಮೊದಲು ಅವರು ಆ ಬೆರಳನ್ನು ಮೂಗಿಗೆ ಹಿಡಿದರು. ನೀವು ಚಿತ್ರದ ಕಡೆ ನೋಡಿ ಏನೆಂದಿರಿ, ನೆನಪಿದೆಯೆ? "ಲಿಂಗಪ್ಪಾ, ಧೂಳ ಒರಿಸಿಯೇನು? ಅವ್ವ ಇವತ್ತ ನಕ್ಕಾಂಗ ಕಾಣಾಕತ್ತಾಳ." ಇಪ್ಪತ್ತು ವರ್ಷ ದಿನಾ ನೋಡಿದ ಮುಖ ಬದಲಾಗಿದೆ ಅಂತ ನಿಮಗೆ ತಿಳಿಯಲಿಲ್ಲ. ತಪ್ಪು ನಿಮ್ಮದಲ್ಲ, ಮನೆಯ ಗೋಡೆಯ ಮೇಲಿನದನ್ನು ನಾವ್ಯಾರೂ ನೋಡುವುದಿಲ್ಲ, ಇದೆ ಅಂದುಕೊಳ್ಳುತ್ತೇವೆ. ಅಂದು ಸಂಜೆ ಮೂಲದ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು, "ನಕಲ ಸರಿ ಆಗಲಿಲ್ರಿ, ಮನಿಗೆ ಒಯ್ತೇನಿ" ಅಂತ ಹೇಳಿ ನಿಮ್ಮ ಮುಂದೆಯೇ ಹೊತ್ತುಕೊಂಡು ಹೋದೆ. ನೀವು ಮಳೆಗೆ ನೆನೆದೀತು ಅಂತ ಅದಕ್ಕೆ ಗೋಣಿಚೀಲ ಸುತ್ತಿಕೊಟ್ಟಿರಿ.

ಆಪರೇಶನ್ ಆದ ಮೇಲೆ ಚಸ್ಮಾ ಬರಲು ಆರು ವಾರ. ಆ ಆರು ವಾರ ನಾನು ಹೇಗೆ ಬದುಕಿದೆನೋ. ಮಗ್ಗದಲ್ಲಿ ಎಳೆ ಹರಿದರೂ ಗೊತ್ತಾಗುತ್ತಿರಲಿಲ್ಲ, ಯಜಮಾನನ ಬೈಗುಳ ಕಿವಿಗೆ ಬೀಳುತ್ತಿರಲಿಲ್ಲ. ಬಾರದಿದ್ದರೆ ಅನುಮಾನ ಬಂದೀತು ಅಂತ ರಜೆಯ ದಿನ ತಪ್ಪದೆ ಬರುತ್ತಿದ್ದೆ, ಬಂದು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ನಾಲ್ಕನೆಯ ವಾರ ನನ್ನ ಅವ್ವ ನನ್ನ ಜೊತೆಗೇ ಹೊರಟು ನಿಂತಳು. ಅಂಬಾಬಾಯಿಯ ದರ್ಶನ ಮಾಡಿ, ಮಗನಿಗೆ ಅನ್ನ ಹಾಕಿದವರನ್ನು ಕಂಡು ಬರುತ್ತೇನೆ ಅಂತ. ಬೇಡ ಅಂದೆ, ಮಳೆ ಅಂದೆ, ಬಸ್ಸಿಲ್ಲ ಅಂದೆ. ರೊಟ್ಟಿಗೆ ಅಂತ ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ಬಂದೇಬಿಟ್ಟಳು. ನೀವು ಮಣೆ ಹಾಕಿ ಅವಳನ್ನು ಕೂರಿಸಿದ್ದು ಸರಿಯಾಗಿ ಆ ಚಿತ್ರದ ಕೆಳಗೆ.

ಇಲ್ಲೊಂದು ಮಾತು ಹೇಳಬೇಕು. ಕಾಂಡಿ ಸುತ್ತುವ ಹೆಂಗಸರು ಎಳೆಯನ್ನು ಹಲ್ಲಿನಿಂದ ಕಡಿಯುತ್ತಾರೆ. ವರ್ಷಗಟ್ಟಲೆ ಕಡಿದು ಮುಂದಿನ ಹಲ್ಲಿನಲ್ಲಿ ನೂಲು ಕೂರುವಷ್ಟು ಸಣ್ಣ ಕಚ್ಚು ಬೀಳುತ್ತದೆ. ನಮ್ಮ ಓಣಿಯ ಎಲ್ಲ ಹೆಂಗಸರಿಗೂ ಇತ್ತು, ಅವ್ವನಿಗೂ ಇತ್ತು. ತುಸು ತೆರೆದ ತುಟಿಯ ನಡುವೆ ನಾನು ಆ ಕಚ್ಚನ್ನೂ ಬರೆದಿದ್ದೆ — ಬೇಕೆಂದಲ್ಲ. ಹೆಂಗಸಿನ ಹಲ್ಲು ಅಂದರೆ ಹಾಗೇ ಇರುತ್ತದೆ ಅಂತ ನನ್ನ ಕೈ ತಿಳಿದಿತ್ತು. ನಿಮ್ಮ ಅವ್ವ ಜೀವಮಾನದಲ್ಲಿ ನೂಲು ಕಡಿದವರಲ್ಲ.

ಅವ್ವ ಏನಕ್ಕೋ ನಕ್ಕಳು. ಅವಳ ತಲೆಯ ಮೇಲೆ ಅದೇ ಬಾಯಿ, ಅದೇ ಕಚ್ಚು. ನಿಮ್ಮ ಕಣ್ಣು ಕೆಳಗಿನಿಂದ ಮೇಲೆ ಹೋಯಿತು, ಮೇಲಿನಿಂದ ಕೆಳಗೆ ಬಂತು. ಮುಗಿಯಿತು ಅಂದುಕೊಂಡೆ.

"ಅವ್ವಾರ, ನಿಮ್ಮನ್ನ ಎಲ್ಲೋ ನೋಡೇನಿ ಅನಸ್ತೇತಿ," ಅಂದಿರಿ.

"ಬಡವರ ಮಾರಿ ಎಲ್ಲಾ ಒಂದ ನಮೂನಿ ಇರ್ತಾವ ತಗೋ ಯವ್ವಾ," ಅಂದಳು ಅವ್ವ. ಆಮೇಲೆ ಹೊರಳಿ ಚಿತ್ರ ನೋಡಿದಳು. ಬಹಳ ಹೊತ್ತು ನೋಡಿದಳು. ಕನ್ನಡಿಯ ಮುಂದೆ ನಿಲ್ಲುವ ಪುರಸೊತ್ತು ಅವಳಿಗೆ ಎಂದೂ ಇರಲಿಲ್ಲ. "ಇದೇನ ನಮ್ಮ ತೀರಿಹೋದ ತಂಗೀನ ಕಂಡಂಗ ಆತಲ್ಲೋ ಲಿಂಗ್ಯಾ! ಬಾಯಿ ನೋಡ್ ಬಾಯಿ!" ಅಂದು ಕಣ್ಣೊರೆಸಿಕೊಂಡಳು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ ಮಾಸ್ತರರು ಮುಖ ಈ ಕಡೆ ತಿರುಗಿಸಿದರು. "ಹೌದೇನ್ರಿ?" ಅಂದರು. ಅಷ್ಟೇ.

ಚಸ್ಮಾ ಬಂದ ದಿನ ನೀವು ನನಗೆ ಕಾಗದ ಹಾಕಿ ಕರೆಸಿದ್ದಿರಿ. ಪೇಡೆ ತರಿಸಿದ್ದಿರಿ. ದಪ್ಪ ಗಾಜಿನ ಆ ಚಸ್ಮಾ ಹಾಕಿಕೊಂಡು ಮಾಸ್ತರರು ಮೊದಲು ನಿಮ್ಮ ಮುಖ ನೋಡಿದರು, ಆಮೇಲೆ ನನ್ನದು, ಆಮೇಲೆ ಎದ್ದು ಗೋಡೆಯ ಹತ್ತಿರ ಹೋದರು. ಪೇಡೆ ನನ್ನ ಕೈಯಲ್ಲೇ ಕರಗುತ್ತಿತ್ತು. ಎಷ್ಟು ಹೊತ್ತು ನಿಂತರೋ. ನೀವು ಒಳಗೆ ಹಾಲು ಕಾಯಿಸಲು ಹೋದಿರಿ. ಆಗ ಅವರು ಹಿಂದೆ ತಿರುಗದೆಯೇ ಕೇಳಿದರು.

"ಲಿಂಗಪ್ಪಾ, ಆಕಿ ಏನ ಅಂತಾಳೋ?"

"ಬಂದ್ನಿ ಅಂತಾಳ್ರಿ," ಅಂದೆ.

"ಯಾರಿಗೆ?"

ಪದ್ಮಕ್ಕ, ಮೂವತ್ತು ವರ್ಷದ ಹಿಂದೆ ಆ ಹೆಂಗಸು ಹೊರಳಿ ಓಗೊಟ್ಟದ್ದು ಅವರಿಗೆ. ಈಗ ಗೋಡೆಯ ಮೇಲಿದ್ದವಳು ಅವರ ಕಡೆ ನೋಡುತ್ತಿರಲಿಲ್ಲ. ಅವಳು ತನ್ನ ಮಗನಿಗೆ ಓಗೊಡುತ್ತಿದ್ದಳು. ನೀವು ಹಾಲು ತಂದಿರಿ. "ಹೆಂಗ ಕಾಣತಾಳ್ರಿ ಅಪ್ಪಾರ, ಅವ್ವ?" ಅಂತ ಕೇಳಿದಿರಿ, ಎಷ್ಟು ಆಸೆಯಿಂದ ಕೇಳಿದಿರಿ! ಅವರು ನಿಮ್ಮನ್ನು ನೋಡಿದರು. "ಚಲೋ ಕಾಣತಾಳವಾ," ಅಂದರು.

ಮುಂದಿನ ವಾರ ಬಂದಾಗ ಅವರ ಕುರ್ಚಿಯ ಬೆನ್ನು ಚಿತ್ರದ ಕಡೆಗಿತ್ತು. ಹೊಸ ಕಣ್ಣಿಗೆ ಬೆಳಕು ಚುಚ್ಚುತ್ತದಂತೆ ಅಂದಿರಿ ನೀವು. ನನಗೆ ಅವರು ಹೇಳಿದ್ದು: "ನಿನ್ನ ಕಲಿಕಿ ಮುಗೀತಪಾ. ಇನ್ನ ನೀ ಬರೂದು ಬ್ಯಾಡ." ಸಿಟ್ಟಿನಿಂದಲ್ಲ. ನೀವು ಅದನ್ನು ಹೊಗಳಿಕೆ ಅಂತ ತಿಳಿದು ನನಗೆ ಒಂದು ಜೋಡಿ ಧೋತರ ಕೊಟ್ಟಿರಿ. ಆ ಧೋತರ ನಾನು ಒಮ್ಮೆಯೂ ಉಡಲಿಲ್ಲ.

ಮೂರು ವರ್ಷದ ಮೇಲೆ ನಿಮ್ಮ ಮದುವೆ. ಗಡಹಿಂಗ್ಲಜಕ್ಕೆ ಹೊರಟಾಗ ಮಾಸ್ತರರು ಚಿತ್ರವನ್ನು ಗೋಡೆಯಿಂದ ಇಳಿಸಿ ನಿಮಗೆ ಕೊಟ್ಟರು. ಅವ್ವನನ್ನೇ ಅಪ್ಪ ನನಗೆ ಕೊಟ್ಟರು ಅಂತ ನೀವು ಅತ್ತಿರಿ, ನೆಂಟರೂ ಅತ್ತರು. ಅದನ್ನು ಕಟ್ಟಲು ಬಟ್ಟೆ ಸುತ್ತುವ ಕೈಯೇ ಬೇಕು ಅಂತ ನನಗೇ ಹೇಳಿಕಳಿಸಿದ್ದರು. ಬಸ್ಸಿನ ಟಾಪಿನ ಮೇಲೆ ನಾನು ಹಗ್ಗ ಬಿಗಿಯುತ್ತಿದ್ದೆ. ಅವರು ಕೆಳಗೆ ಏಣಿ ಹಿಡಿದು ನಿಂತಿದ್ದರು. ಇಳಿದು ಬಂದಾಗ, ನಿಮ್ಮ ಕಿವಿಗೆ ಬೀಳದಂತೆ, ನನ್ನ ತೋಳು ಹಿಡಿದು ಹೇಳಿದರು: "ಗಟ್ಟಿ ಕಟ್ಟಿಯಿಲ್ಲೋ? ಆಕಿಗೆ ಅದೇ ಅವ್ವ."

ಅವರಿಗೆ ಗೊತ್ತಿತ್ತು. ಚಸ್ಮಾ ಬಂದ ದಿನದಿಂದ, ಬಹುಶಃ ಬೆರಳಿಗೆ ಹಸಿ ಬಣ್ಣ ಹತ್ತಿದ ದಿನದಿಂದಲೇ. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ಅಲ್ಲಿಂದ ನಾನು ಅವರ ಆ ಮಾತಿನ ಹಿಂದೆ ಅಡಗಿ ಕೂತೆ. ಮಾಸ್ತರರೇ ಬಾಯಿ ಬಿಡಲಿಲ್ಲ, ನಾನ್ಯಾರು ಬಿಡಲು — ಅಂತ. ಎಷ್ಟು ಅನುಕೂಲದ ಮಾತು! ಅವರು ಸುಮ್ಮನಿದ್ದದ್ದು ನಿಮಗಾಗಿ. ತಮ್ಮ ಹೆಂಡತಿಯ ಮುಖವನ್ನು ಎರಡನೆಯ ಸಲ ಕಳೆದುಕೊಂಡು, ಬೇರೆ ಹೆಂಗಸಿನ ಮುಖವನ್ನು ಮೂರು ವರ್ಷ ಬೆನ್ನ ಹಿಂದೆ ಇಟ್ಟುಕೊಂಡು ಬದುಕಿದರು. ನಾನು ಸುಮ್ಮನಿದ್ದದ್ದು ನನಗಾಗಿ. ಎರಡೂ ಮೌನ ಒಂದೇ ಅಲ್ಲ.

ಆಮೇಲೆ ನಾನು ಬೋರ್ಡು ಬರೆದೆ. ಕೊರೋಚಿಯಿಂದ ಇಚಲಕರಂಜಿಯ ತನಕ ಅಂಗಡಿ, ಕಾರಖಾನೆ, ಟ್ರಕ್ಕಿನ ಹಿಂದಿನ ಹಲಗೆ, ಕನ್ನಡವೋ ಮರಾಠಿಯೋ ಯಾವುದು ಬೇಕೋ ಅದು. ಬರೀ ಅಕ್ಷರ. ದೇವರ ಮುಖ ಬರೆದುಕೊಡು ಅಂದರೂ ಬರೆಯಲಿಲ್ಲ. ಯಾಕೆ ಅಂದವರಿಗೆ ಬರುವುದಿಲ್ಲ ಅಂದೆ. ಹಸಿರು ಬಣ್ಣದ ಡಬ್ಬಿಯ ಮುಚ್ಚಳ ತೆರೆದಾಗಲೆಲ್ಲ ಮಾಸ್ತರರು ಬೆರಳನ್ನು ಮೂಗಿಗೆ ಹಿಡಿದದ್ದು ಕಾಣುತ್ತದೆ. ವರ್ಷಕ್ಕೊಮ್ಮೆ ನಿಮ್ಮ ಪತ್ರ ಬಂದರೆ ಮೊದಲು ಅಗಳಿ ಹಾಕಿ ಆಮೇಲೆ ಒಡೆಯುತ್ತೇನೆ.

ಹೋದ ತಿಂಗಳದ್ದರಲ್ಲಿ ನೀವು ಬರೆದಿರಿ: ಮೊಮ್ಮಗಳು ಅಂಗಳದಲ್ಲಿ ಬಿದ್ದು ಮುಂದಿನ ಹಲ್ಲು ಚೂರು ಮುರಿದುಕೊಂಡಳು, ಮಗ ಸೊಸೆ ಗಾಬರಿಯಾದರು, ನಾನು ಮಾತ್ರ ನಕ್ಕೆ — ಈಗ ಅವಳ ಬಾಯಿ ಥೇಟ್ ನಮ್ಮ ಅವ್ವನ ಬಾಯಿ, ಅದೇ ಕಚ್ಚು, ಅವಳನ್ನು ಚಿತ್ರದ ಕೆಳಗೆ ನಿಲ್ಲಿಸಿ ನೋಡು ನಿನ್ನ ಮುತ್ತಜ್ಜಿ ಅಂದೆ, ದಿನಾ ಕನ್ನಡಿ ಹಿಡಿದು ಚಿತ್ರದ ಜೊತೆ ಹೋಲಿಸಿಕೊಳ್ಳುತ್ತಾಳೆ ಅಂತ. ಸಂತೋಷದಿಂದ ಬರೆದಿರಿ. ಓದಿ ನಾನು ಹಿತ್ತಿಲಿಗೆ ಹೋಗಿ ಕೂತುಬಿಟ್ಟೆ. ನಿಮಗೊಬ್ಬರಿಗೆ ಮಾಡಿದ ಮೋಸ ಅಂದುಕೊಂಡಿದ್ದೆ. ಅದು ಏಳು ವರ್ಷದ ಮಗುವಿನ ಬಾಯಿಗೂ ಹೋಗಿ ಮುಟ್ಟಿತ್ತು. ನಾನು ಸತ್ತರೆ ಅದನ್ನು ಅಳಿಸುವವರು ಯಾರೂ ಇರುವುದಿಲ್ಲ.

ಮೂಲ ನನ್ನ ಹತ್ತಿರ ಇದೆ. ಮಗ್ಗದಲ್ಲಿ ಬಟ್ಟೆ ಸುತ್ತುವ ಮರದ ರೂಳಿಗೆ ಸುತ್ತಿ, ನೀವು ಕೊಟ್ಟ ಆ ಧೋತರದಲ್ಲೇ ಕಟ್ಟಿ ಟ್ರಂಕಿನಲ್ಲಿಟ್ಟಿದ್ದೇನೆ. ಚಹಾದ ಡಬ್ಬಿಯೂ ಇದೆ. ಪತ್ರ ಬಂದ ದಿನ ನಲವತ್ತು ವರ್ಷದ ಮೇಲೆ ಬಿಚ್ಚಿದೆ. ಬಿಚ್ಚುವಾಗ ಇನ್ನೂ ತುಸು ಉದುರಿತು. ಸೀರೆಯ ಅಂಚು ಇದೆ, ಬಾಗಿಲು ಇದೆ, ಬೈತಲೆ ಇದೆ, ಒಂದು ಕಿವಿಯ ಓಲೆ ಇದೆ. ಬಾಯಿ ಇಲ್ಲ, ಬಳೆ ಇಲ್ಲ.

ಕ್ಷಮಿಸಿ ಅಂತ ಕೇಳುವುದಿಲ್ಲ. ಅದಕ್ಕೂ ಧೈರ್ಯ ಬೇಕು, ಯೋಗ್ಯತೆಯೂ ಬೇಕು. ಬರುವ ಗುರುವಾರ ಬೆಳಗಿನ ಬಸ್ಸಿಗೆ ಗಡಹಿಂಗ್ಲಜಕ್ಕೆ ಬರುತ್ತೇನೆ. ಈ ಕಾಗದ ನನಗಿಂತ ಮೊದಲು ನಿಮ್ಮನ್ನು ಮುಟ್ಟಲಿ ಅಂತಲೇ ಇವತ್ತು ಅಂಚೆಗೆ ಹಾಕುತ್ತಿದ್ದೇನೆ, ಹಾಕಿದ ಮೇಲೆ ನನಗೆ ತಪ್ಪಿಸಿಕೊಳ್ಳಲು ದಾರಿ ಇರಬಾರದು. ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಇಟ್ಟು ಹೋಗುತ್ತೇನೆ.

ಬಿಚ್ಚುವಾಗ ಗಾಳಿ ತಾಗದಂತೆ ಬಿಚ್ಚಿ, ಪದ್ಮಕ್ಕ. ಬಲಗಣ್ಣು ಉಳಿದಿದೆ. ಅದು ನಿಮ್ಮ ಅವ್ವನದು.